ಚಿಪ್ ಮೇಲೆ ಸಿಗ್ನಲ್ ಸರಿ ಬರುತ್ತಿಲ್ಲವೇ? ಮೈಕ್ರೋಅರೇಯಲ್ಲಿ ಆರ್‌ಎನ್‌ಎ ಪ್ರೋಬ್‌ಗೆ ಅಂಟುವ ಹಂತದ ದೋಷ ನಿವಾರಣೆ ಕೈಪಿಡಿ

ಮೈಕ್ರೋಅರೇ ಎಂದರೆ ಸಾವಿರಾರು ಜೀನ್‌ಗಳಲ್ಲಿ ಯಾವುದು ಎಷ್ಟು ಕೆಲಸ ಮಾಡುತ್ತಿದೆ ಎಂದು ಒಂದೇ ಸಲಕ್ಕೆ ಅಳೆಯುವ ಚಿಪ್. ಜೀನ್ ಕೆಲಸ ಮಾಡುವಾಗ ಅದರಿಂದ ಬರುವ ನಕಲಾದ ಆರ್‌ಎನ್‌ಎಯನ್ನು ಅದು ಅಳೆಯುತ್ತದೆ. ದಾವಣಗೆರೆ, ಚಿತ್ರದುರ್ಗದ ಕಡೆ ಮೈಕ್ರೋಅರೇ ಬಳಸುವವರ ಕೆಲಸ ಸಾಮಾನ್ಯವಾಗಿ ಎರಡು ಊರಿಗೆ ಹಂಚಿಹೋಗಿರುತ್ತದೆ. ಚಳ್ಳಕೆರೆಯ ಶೇಂಗಾ ಎಲೆ, ಹರಿಹರದ ಕಡೆಯ ಮೆಕ್ಕೆಜೋಳದ ಬೇರು, ರೇಷ್ಮೆಹುಳುವಿನ ಗ್ರಂಥಿ, ಆಸ್ಪತ್ರೆಯಿಂದ ಬಂದ ರಕ್ತ, ಯಾವುದೇ ಇರಲಿ, ಆರ್‌ಎನ್‌ಎ ತೆಗೆಯುವುದು ಇಲ್ಲಿ. ಅದಕ್ಕೆ ಹೊಳಪು ಕೊಡುವ ಲೇಬಲ್ ಹಾಕಿ, ಚಿಪ್ ಮೇಲೆ ಬಿಟ್ಟು, ಸ್ಕ್ಯಾನ್ ಮಾಡುವುದು ಹೆಚ್ಚಾಗಿ ಬೆಂಗಳೂರಿನಲ್ಲಿ. ಫಲಿತಾಂಶ ಕೆಟ್ಟು ಬಂದಾಗ ಅಲ್ಲಿಯವರು ನಿಮ್ಮ ಆರ್‌ಎನ್‌ಎ ಸರಿಯಿಲ್ಲ ಎನ್ನುತ್ತಾರೆ, ಇಲ್ಲಿಯವರು ಚಿಪ್ಪೇ ಸರಿಯಿಲ್ಲ ಎನ್ನುತ್ತಾರೆ. ಈ ವಾದ ಬೇಕಿಲ್ಲ. ಎಲ್ಲಿ ಕೈಕೊಟ್ಟಿತು ಎಂಬ ಸಾಕ್ಷಿ ಚಿಪ್ ಮೇಲೆಯೇ ಅಚ್ಚಾಗಿರುತ್ತದೆ, ಅದನ್ನು ಓದಲು ಬರಬೇಕು ಅಷ್ಟೇ.

ಚಿಪ್ ದುಬಾರಿ, ಮಾದರಿ ಇನ್ನೂ ದುಬಾರಿ. ಬರಗಾಲದ ವರ್ಷದಲ್ಲಿ ಹೊಲದಿಂದ ತಂದ ಎಲೆ ಮತ್ತೆ ಸಿಗುವುದಿಲ್ಲ. ಹಾಗಾಗಿ ಇಲ್ಲಿರುವ ಪರೀಕ್ಷೆಗಳು ಕಾಸು ಖರ್ಚಿಲ್ಲದವುಗಳಿಂದ ಶುರುವಾಗುತ್ತವೆ. ಹೊಸ ಚಿಪ್‌ನ ಪೊಟ್ಟಣ ಒಡೆಯುವ ಮಾತು ಕೊನೆಗೆ.

ಅಂಟುವುದು ಎಂದರೆ ಏನಾಗುತ್ತದೆ

ಗಾಜಿನ ಮೇಲೆ ಒಂದೊಂದು ಚುಕ್ಕೆಯಲ್ಲೂ ಒಂದೇ ಅನುಕ್ರಮದ ಲಕ್ಷಾಂತರ ಡಿಎನ್‌ಎ ಎಳೆಗಳು ನಿಂತಿರುತ್ತವೆ. ಅವೇ ಪ್ರೋಬ್‌ಗಳು. ಅಫಿಮೆಟ್ರಿಕ್ಸ್ ಕಂಪನಿಯ ಚಿಪ್‌ನಲ್ಲಿ ಪ್ರೋಬ್ ಉದ್ದ 25 ಬೇಸ್ (ಬೇಸ್ ಎಂದರೆ ಅನುಕ್ರಮದ ಒಂದು ಅಕ್ಷರ), ಅಜಿಲೆಂಟ್ ಕಂಪನಿಯ ಚಿಪ್‌ನಲ್ಲಿ 60. ನಮ್ಮ ಮಾದರಿಯ ಆರ್‌ಎನ್‌ಎಯಿಂದ ಮಾಡಿ ಲೇಬಲ್ ಹಾಕಿದ ಪೂರಕ ನಕಲು (ಸಿಆರ್‌ಎನ್‌ಎ) ಚಿಪ್ ಮೇಲೆ ಹರಿದಾಡುತ್ತಾ, ಪೂರಕ ಅನುಕ್ರಮ ಸಿಕ್ಕ ಕಡೆ ಜೋಡಿಯಾಗುತ್ತದೆ. ಇದಕ್ಕೇ ಹೈಬ್ರಿಡೈಸೇಷನ್ ಎನ್ನುವುದು. ಜಿ–ಸಿ ಜೋಡಿಗೆ ಮೂರು ಹೈಡ್ರೋಜನ್ ಬಂಧ, ಎ–ಯು ಜೋಡಿಗೆ ಎರಡು. ಇದರ ಜೊತೆಗೆ ಅಕ್ಕಪಕ್ಕದ ಬೇಸ್‌ಗಳು ಒಂದರ ಮೇಲೊಂದು ಕೂರುವುದರಿಂದಲೂ ದೊಡ್ಡ ಬಲ ಬರುತ್ತದೆ.

ಎರಡೂ ಎಳೆಗಳ ಬೆನ್ನುಮೂಳೆಯಲ್ಲಿ ಋಣ ವಿದ್ಯುದಂಶ ಇರುವುದರಿಂದ ಅವು ಒಂದನ್ನೊಂದು ತಳ್ಳುತ್ತವೆ. ಬಫರ್‌ನಲ್ಲಿರುವ (ಚಿಪ್ ಮೇಲೆ ಬಿಡುವ ಉಪ್ಪಿನ ದ್ರಾವಣ) ಸೋಡಿಯಂ ಆ ತಳ್ಳಾಟವನ್ನು ಮರೆಮಾಡುತ್ತದೆ. ಉಪ್ಪು ಜಾಸ್ತಿಯಾದರೆ ಸರಿಯಿಲ್ಲದ ಜೋಡಿಯೂ ನಿಲ್ಲುತ್ತದೆ, ಕಡಿಮೆಯಾದರೆ ಸರಿಯಾದ ಜೋಡಿಯೂ ಬಿಡುತ್ತದೆ. ಶಾಖದ ಲೆಕ್ಕ ಇದಕ್ಕೆ ತದ್ವಿರುದ್ಧ. 25 ಬೇಸ್‌ನ ಪ್ರೋಬ್‌ಗೆ 45 ಡಿಗ್ರಿ ಸೆಲ್ಸಿಯಸ್‌ನಲ್ಲಿ 16 ಗಂಟೆ, 60 ಬೇಸ್‌ನದಕ್ಕೆ 65 ಡಿಗ್ರಿಯಲ್ಲಿ 17 ಗಂಟೆ ಎಂದು ಇಟ್ಟಿರುವುದು ಇದಕ್ಕೇ. ಉದ್ದದ ಪ್ರೋಬ್ ಹೆಚ್ಚು ಶಾಖ ತಡೆಯುತ್ತದೆ. ಆಮೇಲಿನ ವಾಶ್ ಮೊರದಲ್ಲಿ ಕೇರಿದ ಹಾಗೆ: ಗಟ್ಟಿ ಕಾಳು ಉಳಿಯಬೇಕು, ಹೊಟ್ಟು ಹಾರಬೇಕು. ಮೆತ್ತಗೆ ಕೇರಿದರೆ ಹೊಟ್ಟು ಉಳಿಯುತ್ತದೆ, ಜೋರಾಗಿ ಕೇರಿದರೆ ಕಾಳೂ ಹಾರುತ್ತದೆ.

ಉಪ್ಪು, ಶಾಖ, ಸಮಯ. ಮುಂದೆ ಬರುವ ಲಕ್ಷಣಗಳಲ್ಲಿ ಅರ್ಧಕ್ಕರ್ಧ ಈ ಮೂರರಲ್ಲಿ ಒಂದು ಹಳಿ ತಪ್ಪಿದ್ದರಿಂದ ಬಂದವು. ಉಳಿದರ್ಧ ಚಿಪ್ ಮುಟ್ಟುವ ಮೊದಲೇ ಆದವು.

ಯಾವ ಲಕ್ಷಣವೇ ಇರಲಿ, ಮೊದಲು ಕಂಟ್ರೋಲ್‌ಗಳನ್ನು ಸಾಲಾಗಿ ನೋಡಿ

ಇದಕ್ಕೆ ಖರ್ಚಿಲ್ಲ, ಫೈಲ್ ತೆರೆದರೆ ಸಾಕು. ಈ ಕೈಪಿಡಿಯಲ್ಲಿ ಒಂದೇ ಒಂದು ಭಾಗ ಓದುವ ವ್ಯವಧಾನ ಇದ್ದರೆ ಇದನ್ನೇ ಓದಿ.

ಕಂಟ್ರೋಲ್ ಎಂದರೆ ಹೇಗೆ ಹೊಳೆಯಬೇಕು ಎಂದು ಮೊದಲೇ ಗೊತ್ತಿರುವ ಎಳೆ. ಒಂದೊಂದು ಕಂಟ್ರೋಲ್ ಒಂದೊಂದು ಹಂತದಲ್ಲಿ ಒಳಗೆ ಬರುತ್ತದೆ. ಅಫಿಮೆಟ್ರಿಕ್ಸ್ ಪದ್ಧತಿಯನ್ನೇ ತೆಗೆದುಕೊಳ್ಳಿ. ಬಿ2 ಎಂಬ ಚಿಕ್ಕ ಡಿಎನ್‌ಎ ತುಂಡು ಚಿಪ್‌ನ ಅಂಚಿನ ಗುರುತುಗಳಿಗೆ ಅಂಟಿ, ಸ್ಕ್ಯಾನರ್‌ಗೆ ಚೌಕಟ್ಟು ತೋರಿಸುತ್ತದೆ. ಬಯೋಬಿ, ಬಯೋಸಿ, ಬಯೋಡಿ, ಕ್ರೆ ಎಂಬ ನಾಲ್ಕು ಕಂಟ್ರೋಲ್‌ಗಳು ಮೊದಲೇ ಲೇಬಲ್ ಆಗಿದ್ದು, ಹೈಬ್ರಿಡೈಸೇಷನ್ ಮಿಶ್ರಣಕ್ಕೆ 1.5, 5, 25, 100 ಪಿಕೋಮೋಲಾರ್ ಪ್ರಮಾಣದಲ್ಲಿ ಬೀಳುತ್ತವೆ. ಹಾಗಾಗಿ ಅವುಗಳ ಹೊಳಪು ಇದೇ ಕ್ರಮದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಲಿಸ್, ಫೆ, ಥರ್, ಡ್ಯಾಪ್ ಎಂಬವು ಬ್ಯಾಸಿಲಸ್ ಸಬ್‌ಟಿಲಿಸ್ ಬ್ಯಾಕ್ಟೀರಿಯಾದ ಜೀನ್‌ಗಳಿಂದ ಮಾಡಿದವು. ಇವು ಲೇಬಲ್ ಹಾಕುವ ಮೊದಲೇ ನಮ್ಮ ಆರ್‌ಎನ್‌ಎ ಜೊತೆ ಸೇರುತ್ತವೆ. ಕೊನೆಗೆ ಜಿಎಪಿಡಿಎಚ್, ಆ್ಯಕ್ಟಿನ್‌ನಂಥ ಜೀನ್‌ಗಳು ಮಾದರಿಯಲ್ಲೇ ಇರುವಂಥವು.

ಈಗ ಹಿಂದಿನಿಂದ ಮುಂದಕ್ಕೆ ಬನ್ನಿ. ಬಿ2 ಕೂಡ ಕಾಣುತ್ತಿಲ್ಲವೇ? ಬಣ್ಣ ಹಿಡಿಸುವ ಹಂತ ಅಥವಾ ಸ್ಕ್ಯಾನರ್ ನೋಡಿ, ನಿಮ್ಮ ಆರ್‌ಎನ್‌ಎ ಮೇಲೆ ಈಗಲೇ ಗುಮಾನಿ ಬೇಡ. ಬಿ2 ಇದೆ, ಬಯೋ ಮೆಟ್ಟಿಲು ಇಲ್ಲ ಎಂದರೆ ಹೈಬ್ರಿಡೈಸೇಷನ್ ಅಥವಾ ವಾಶ್ ಕೆಟ್ಟಿದೆ. ಬಯೋ ಮೆಟ್ಟಿಲು ಸರಿಯಿದೆ, ಲಿಸ್–ಫೆ ಸಾಲು ಬಿದ್ದಿದೆ ಎಂದರೆ ಲೇಬಲ್ ಹಾಕುವ ಕಿಣ್ವದ ಹಂತದಲ್ಲಿ ತೊಂದರೆ. ಇವೆರಡೂ ಚೆನ್ನಾಗಿದ್ದು ಮಾದರಿಯ ಜೀನ್‌ಗಳು ಮಾತ್ರ ಮಂಕಾಗಿದ್ದರೆ ಆಗ ಆರ್‌ಎನ್‌ಎ ಕಡೆ ತಿರುಗಿ. ಯಾವ ಕಂಟ್ರೋಲ್ ಮೊದಲು ಬಿದ್ದಿದೆಯೋ ದೋಷ ಅದು ಒಳಗೆ ಬಂದ ಹಂತದಲ್ಲಿದೆ. ಅಜಿಲೆಂಟ್ ಚಿಪ್‌ನಲ್ಲೂ ಸ್ಪೈಕ್-ಇನ್ ಎಂಬ ಇದೇ ಬಗೆಯ ಮೆಟ್ಟಿಲು ಇದೆ. ಜಿಯೋ (ಜಿಇಒ) ಎಂಬ ಸಾರ್ವಜನಿಕ ದತ್ತಾಂಶ ಭಂಡಾರದಿಂದ ಹಳೆಯ ದತ್ತಾಂಶ ಇಳಿಸಿಕೊಂಡು ಕೆಲಸ ಮಾಡುವ ವಿದ್ಯಾರ್ಥಿಗಳಿಗೂ ಈ ಮಾತು ಅನ್ವಯಿಸುತ್ತದೆ. ಮೂಲ ಫೈಲ್ ಸಿಕ್ಕರೆ ಕಂಟ್ರೋಲ್ ಮೌಲ್ಯಗಳು ಅದರಲ್ಲೇ ಇರುತ್ತವೆ.

ಲಕ್ಷಣ: ಇಡೀ ಚಿಪ್ ಮಂಕು

ಬಹಳ ಜನ ಮೊದಲು ಕಾಣುವುದು ಇದನ್ನೇ. ಕಾರಣಗಳೂ ಬಹಳ.

ಸ್ಕ್ಯಾನರ್ ಸೆಟ್ಟಿಂಗ್ ಮೊದಲು ನೋಡಿ. ಹಿಂದಿನ ಬ್ಯಾಚ್‌ನವರು ಪಿಎಂಟಿ (ಬೆಳಕನ್ನು ಹಿಗ್ಗಿಸಿ ಅಳೆಯುವ ಭಾಗ) ಮೌಲ್ಯ ಇಳಿಸಿ ಹಾಗೇ ಬಿಟ್ಟಿರಬಹುದು. ಸೈ3 (ಹಸಿರು), ಸೈ5 (ಕೆಂಪು) ಬಣ್ಣಗಳ ಚಾನೆಲ್‌ಗಳನ್ನು ಸರಿಯಾಗಿ ಆರಿಸಿದ್ದಾರೆಯೇ, ಸ್ಲೈಡ್‌ನ ಮುಖ ತಿರುವುಮುರುವಾಗಿಲ್ಲವೇ ಎಂದು ಕೇಳಿ. ಗಾಜಿನ ಹಿಂಬದಿಯನ್ನು ಸ್ಕ್ಯಾನ್ ಮಾಡಿದರೆ ಫೋಕಸ್ ತಪ್ಪಿ ಎಲ್ಲ ಮಸುಕಾಗುತ್ತದೆ.

ಅದು ಸರಿಯಿದ್ದರೆ ಕಾಗದ ತೆಗೆಯಿರಿ. ಲೇಬಲ್ ಆದ ಸಿಆರ್‌ಎನ್‌ಎಯನ್ನು ನ್ಯಾನೋಡ್ರಾಪ್ ಎಂಬ ಬೆಳಕಿನ ಅಳತೆ ಯಂತ್ರದಲ್ಲಿ ಅಳೆದ ದಾಖಲೆ ಇರಲೇಬೇಕು. ಸೈ3 ಬಣ್ಣವನ್ನು 550 ನ್ಯಾನೋಮೀಟರ್ ಹತ್ತಿರ, ಸೈ5 ಅನ್ನು 650ರ ಹತ್ತಿರ ಅಳೆಯುತ್ತಾರೆ. ಪ್ರತಿ ಮೈಕ್ರೋಲೀಟರ್‌ನಲ್ಲಿ ಎಷ್ಟು ಪಿಕೋಮೋಲ್ ಬಣ್ಣ ಇದೆಯೋ ಅದನ್ನು ಅಷ್ಟರಲ್ಲೇ ಇರುವ ಸಿಆರ್‌ಎನ್‌ಎ ನ್ಯಾನೋಗ್ರಾಂನಿಂದ ಭಾಗಿಸಿ 1000ದಿಂದ ಗುಣಿಸಿದರೆ, ಒಂದು ಮೈಕ್ರೋಗ್ರಾಂ ಸಿಆರ್‌ಎನ್‌ಎಗೆ ಎಷ್ಟು ಬಣ್ಣ ಕೂತಿದೆ ಎಂದು ಗೊತ್ತಾಗುತ್ತದೆ. ಅಜಿಲೆಂಟ್‌ನ ಒಂದು ಬಣ್ಣದ ಪದ್ಧತಿಯಲ್ಲಿ ಇದು 6 ಇಲ್ಲವೇ ಹೆಚ್ಚಿರಬೇಕು. 6ಕ್ಕಿಂತ ಕಡಿಮೆ ಬಂದ ಮಾದರಿಯನ್ನು ಚಿಪ್‌ಗೆ ಹಾಕುವುದು ಗೊತ್ತಿದ್ದೂ ಗುಂಡಿಗೆ ಬಿದ್ದಂತೆ. ಅಲ್ಲೇ ನಿಲ್ಲಿಸಿ, ಲೇಬಲ್ ಮತ್ತೆ ಮಾಡಿ.

ಬಣ್ಣ ಸರಿ ಕೂತಿದ್ದೂ ಸಿಗ್ನಲ್ ಮಂಕಾದರೆ ತುಂಡು ಮಾಡುವ ಹಂತ ನೋಡಬೇಕು. ಸಿಆರ್‌ಎನ್‌ಎ ಉದ್ದುದ್ದ ಇದ್ದರೆ ತನ್ನ ಮೇಲೆ ತಾನೇ ಮಡಚಿಕೊಂಡು ಗಂಟಾಗುತ್ತದೆ, ಪ್ರೋಬ್‌ಗೆ ಕೊಡಬೇಕಾದ ಭಾಗ ಒಳಗೇ ಅಡಗಿಬಿಡುತ್ತದೆ. ಅದಕ್ಕೇ ಅದನ್ನು ಮೊದಲೇ ತುಂಡರಿಸುವುದು. ಅಫಿಮೆಟ್ರಿಕ್ಸ್ ಪದ್ಧತಿಯಲ್ಲಿ ಮೆಗ್ನೀಸಿಯಂ ಇರುವ ಬಫರ್‌ನಲ್ಲಿ 94 ಡಿಗ್ರಿಯಲ್ಲಿ 35 ನಿಮಿಷ ಇಟ್ಟು 35ರಿಂದ 200 ಬೇಸ್‌ಗೆ ತರುತ್ತಾರೆ. ಅಜಿಲೆಂಟ್‌ನಲ್ಲಿ 60 ಡಿಗ್ರಿ, ಸರಿಯಾಗಿ 30 ನಿಮಿಷ, ಆಮೇಲೆ ತಕ್ಷಣ ಐಸ್. ಇಲ್ಲಿ 'ಸರಿಯಾಗಿ' ಎಂಬುದಕ್ಕೆ ತೂಕವಿದೆ. ಎಂಟು ಟ್ಯೂಬ್ ಇಟ್ಟುಕೊಂಡು ಒಂದೊಂದಕ್ಕೇ ತುಂಡರಿಕೆ ನಿಲ್ಲಿಸುವ ಬಫರ್ ಹಾಕುತ್ತಾ ಹೋದರೆ ಕೊನೆಯ ಟ್ಯೂಬ್ ಹೆಚ್ಚು ಹೊತ್ತು ಬೆಂದಿರುತ್ತದೆ. ತುಂಡುಗಳು ತೀರಾ ಚಿಕ್ಕದಾದರೆ 65 ಡಿಗ್ರಿಯಲ್ಲಿ ಪ್ರೋಬ್ ಮೇಲೆ ನಿಲ್ಲುವ ಶಕ್ತಿ ಅವಕ್ಕಿಲ್ಲ. ತುಂಡರಿಸುವ ಮೊದಲಿನದೂ ನಂತರದ್ದೂ ಸ್ವಲ್ಪ ಸ್ವಲ್ಪ ಜೆಲ್ ಮೇಲೆ ಓಡಿಸಿ ನೋಡಿ. ಮೊದಲಿನದು ಉದ್ದನೆಯ ಮಸುಕು ಪಟ್ಟಿ, ನಂತರದ್ದು ಕೆಳಗೆ ಕೂತ ಗಿಡ್ಡ ಪಟ್ಟಿ.

ಇವೆಲ್ಲ ದಾಟಿದ ಮೇಲೂ ಮಂಕಾಗಿದ್ದರೆ ವಾಶ್. ನಮ್ಮ ಊರುಗಳಲ್ಲಿ ಇದಕ್ಕೊಂದು ವಿಶೇಷ ಕಾರಣವಿದೆ. ಪ್ರೋಟೋಕಾಲ್‌ನಲ್ಲಿ 'ರೂಮ್ ಟೆಂಪರೇಚರ್‌ನಲ್ಲಿ ಒಂದು ನಿಮಿಷ' ಎಂದಿರುತ್ತದೆ. ಬರೆದವರ ಮನಸ್ಸಿನಲ್ಲಿರುವುದು 20–25 ಡಿಗ್ರಿಯ ಕೋಣೆ. ಏಪ್ರಿಲ್ ಮಧ್ಯಾಹ್ನ ಎಸಿ ಇಲ್ಲದ ದಾವಣಗೆರೆಯ ಕೋಣೆ ಅದಲ್ಲ. ಬೆಂಚಿನ ಮೇಲಿಟ್ಟ ಬಫರ್ 35 ಡಿಗ್ರಿ ಮುಟ್ಟಿದರೆ ಮೆದುವಾಗಿರಬೇಕಾದ ಮೊದಲ ವಾಶ್ ಬಿರುಸಾಗುತ್ತದೆ. ಬಫರ್ ಒಳಗೆ ಥರ್ಮಾಮೀಟರ್ ಇಟ್ಟು ಅಂಕಿ ಬರೆದಿಡಿ, ಕೋಣೆಯ ಅಂಕಿ ಅಲ್ಲ. ಡಿಸೆಂಬರ್ ಬೆಳಗ್ಗೆ ಇದರ ವಿರುದ್ಧ: ಎಸ್‌ಡಿಎಸ್ ಎಂಬ ಮಾರ್ಜಕ ಇರುವ ಬಫರ್ ತಣ್ಣಗಾಗಿ ತಳದಲ್ಲಿ ಬಿಳಿ ಪುಡಿ ಕೂರುತ್ತದೆ. ಆ ಬಾಟಲಿಯನ್ನು ಹಾಗೇ ಬಳಸಬೇಡಿ. 37 ಡಿಗ್ರಿಗೆ ಬಿಸಿ ಮಾಡಿ, ಪೂರ್ತಿ ಕರಗಿದ ಮೇಲೆ ಬಳಸಿ.

ಲಕ್ಷಣ: ಕಂಟ್ರೋಲ್‌ಗಳೆಲ್ಲ ಚೆಂದ, ಮಾದರಿಯ ಜೀನ್‌ಗಳೇ ಕಾಣುತ್ತಿಲ್ಲ

ಆರ್‌ಎನ್‌ಎಗೆ ಬಯ್ಯುವ ಮೊದಲು ಕಿಟ್‌ನ ಪೆಟ್ಟಿಗೆ ಓದಿ. ಲೇಬಲ್ ಆದ ಎಳೆ ಪ್ರೋಬ್‌ಗೆ ಪೂರಕವಾಗಿರಬೇಕು. ಅಫಿಮೆಟ್ರಿಕ್ಸ್‌ನ 3 ಪ್ರೈಮ್ ಐವಿಟಿ (ಎಳೆಯ ಬಾಲದ ತುದಿಯಿಂದ ಲೇಬಲ್ ಹಾಕುವ) ಬಗೆಯ ಚಿಪ್‌ಗೆ ಆ್ಯಂಟಿಸೆನ್ಸ್, ಅಂದರೆ ಮೂಲ ಆರ್‌ಎನ್‌ಎಗೆ ಪೂರಕವಾದ, ಸಿಆರ್‌ಎನ್‌ಎ ಬೇಕು. ಹೆಸರಿನಲ್ಲಿ ಎಸ್‌ಟಿ ಇರುವ ಚಿಪ್‌ಗೆ ಸೆನ್ಸ್, ಅಂದರೆ ಮೂಲ ಆರ್‌ಎನ್‌ಎಯದ್ದೇ ದಿಕ್ಕಿನ, ಸಿಡಿಎನ್‌ಎ (ಡಿಎನ್‌ಎ ನಕಲು) ಬೇಕು. ಒಂದರ ಕಿಟ್ ಇನ್ನೊಂದಕ್ಕೆ ಹಾಕಿದರೆ ಎರಡೂ ಒಂದೇ ಮುಖವಾಗಿರುತ್ತವೆ, ಎಷ್ಟು ಹೊತ್ತು ಇಟ್ಟರೂ ಜೋಡಿಯಾಗುವುದಿಲ್ಲ. ಉಳಿದ ಕಿಟ್ ಖರ್ಚು ಮಾಡೋಣ ಎಂಬ ಆಸೆಯಿಂದ ಹೀಗಾಗುತ್ತದೆ.

ದಿಕ್ಕು ಸರಿಯಿದ್ದರೆ ಈಗ ಆರ್‌ಎನ್‌ಎ. 260 ಮತ್ತು 280 ನ್ಯಾನೋಮೀಟರ್‌ನಲ್ಲಿ ಹೀರುವ ಬೆಳಕಿನ ಅನುಪಾತ (260/280) 2ರ ಹತ್ತಿರ ಇರಬೇಕು. ಆದರೆ ಅಳೆದದ್ದು ಯಾವುದರಲ್ಲಿ? ಆಮ್ಲೀಯ ನೀರಿನಲ್ಲಿ ಅಳೆದರೆ ಒಳ್ಳೆಯ ಆರ್‌ಎನ್‌ಎ ಕೂಡ 1.8 ತೋರಿಸುತ್ತದೆ. ಪಿಎಚ್ 7.5ರಿಂದ 8ರ ಟ್ರಿಸ್‌ನಲ್ಲಿ ಇನ್ನೊಮ್ಮೆ ಅಳೆಯಿರಿ. 260/230 ಬಿದ್ದಿದ್ದರೆ ಗ್ವಾನಿಡಿನ್, ಫೀನಾಲ್ ಅಥವಾ ಸಸ್ಯದ ಪಾಲಿಸ್ಯಾಕರೈಡ್ ಉಳಿದಿದೆ. ಶೇಂಗಾ ಇದರಲ್ಲಿ ಹಠಮಾರಿ. ಬೀಜದಲ್ಲಿ ಎಣ್ಣೆ, ಎಲೆಯಲ್ಲಿ ಪಾಲಿಫೀನಾಲ್. ಈ ಕಸ ಲೇಬಲ್ ಹಾಕುವ ಕಿಣ್ವವನ್ನು ಕಟ್ಟಿಹಾಕುತ್ತದೆ. ಸಿಟಿಎಬಿ ಎಂಬ ಮಾರ್ಜಕದ ಪದ್ಧತಿಯಲ್ಲಿ ತೆಗೆದು ಲಿಥಿಯಂ ಕ್ಲೋರೈಡ್‌ನಿಂದ ಆರ್‌ಎನ್‌ಎ ಕೂರಿಸಿದರೆ ಬಹಳಷ್ಟು ಕಸ ಮೇಲೇ ಉಳಿಯುತ್ತದೆ. ಬರೀ ಕಾಲಮ್ ಕಿಟ್ ನಂಬಿ ಶೇಂಗಾ ಬೀಜಕ್ಕೆ ಕೈ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಆರ್‌ಎನ್‌ಎ ಮುರಿದಿದೆಯೇ ಎಂದು ತಿಳಿಯಲು ರಿನ್ ಅಂಕ ನೋಡುತ್ತಾರೆ. 28ಎಸ್, 18ಎಸ್ ಎಂಬ ಎರಡು ದೊಡ್ಡ ರೈಬೋಸೋಮಲ್ ಆರ್‌ಎನ್‌ಎಗಳನ್ನು ಮುಖ್ಯವಾಗಿ ನೋಡಿ ಯಂತ್ರ ಇದನ್ನು ಕೊಡುತ್ತದೆ. ಅದು 1ರಿಂದ 10ರವರೆಗೆ ಇರುತ್ತದೆ, 7ರ ಮೇಲಿದ್ದರೆ ಸಾಮಾನ್ಯವಾಗಿ ಮುಂದೆ ಹೋಗುತ್ತಾರೆ. ಈ ಅಂಕವನ್ನು ಕುರುಡಾಗಿ ನಂಬಿ ಒಳ್ಳೆಯ ಮಾದರಿ ಎಸೆದವರಿದ್ದಾರೆ. ರೇಷ್ಮೆಹುಳು ಸೇರಿ ಅನೇಕ ಕೀಟಗಳ 28ಎಸ್ ರೈಬೋಸೋಮಲ್ ಆರ್‌ಎನ್‌ಎ ನಡುವೆ ಒಂದು ಸಹಜ ಬಿರುಕು ಇರುತ್ತದೆ. ಬಿಸಿ ಮಾಡಿದ ಕೂಡಲೇ ಅದು ಎರಡಾಗಿ ಬಿಟ್ಟುಕೊಂಡು, ಎರಡೂ ತುಂಡು 18ಎಸ್ ಇರುವ ಜಾಗದಲ್ಲೇ ಬಂದು ಕೂರುತ್ತವೆ. ಯಂತ್ರಕ್ಕೆ 28ಎಸ್ ಕಾಣುವುದಿಲ್ಲ, ಅಂಕ ಪಾತಾಳಕ್ಕೆ ಹೋಗುತ್ತದೆ. ಅದು ಮುರಿತ ಅಲ್ಲ, ಆ ಜೀವಿ ಇರುವುದೇ ಹಾಗೆ. ಅದೇ ಮಾದರಿಯನ್ನು ಬಿಸಿ ಮಾಡದೆ ಓಡಿಸಿ ನೋಡಿ. 28ಎಸ್ ಮತ್ತೆ ಕಂಡರೆ ಆರ್‌ಎನ್‌ಎ ಗಟ್ಟಿಯಾಗಿದೆ. ಹಸಿರು ಎಲೆಯಲ್ಲಿ ಕ್ಲೋರೋಪ್ಲಾಸ್ಟ್‌ನ 23ಎಸ್, 16ಎಸ್ ಪಟ್ಟಿಗಳೂ ಬಂದು ಲೆಕ್ಕ ಕೆಡಿಸುತ್ತವೆ. ಯಂತ್ರದಲ್ಲಿ ಸಸ್ಯದ ಸೆಟ್ಟಿಂಗ್ ಆರಿಸಿಕೊಳ್ಳಿ.

ನಿಜವಾಗಿ ಮುರಿದಿದ್ದರೆ ಚಿಪ್ ಮೇಲೆ ಬೇರೊಂದು ಗುರುತು ಸಿಗುತ್ತದೆ. ಎಳೆಯ ಬಾಲಕ್ಕೆ ಅಂಟುವ ಆಲಿಗೋ ಡಿಟಿಯಿಂದ ಶುರುವಾದ ಲೇಬಲಿಂಗ್ 3 ಪ್ರೈಮ್ ತುದಿಯಿಂದ ಹಿಂದಕ್ಕೆ ಹೋಗುತ್ತದೆ. ಎಳೆ ನಡುವೆ ತುಂಡಾಗಿದ್ದರೆ 5 ಪ್ರೈಮ್ (ತಲೆಯ) ಕಡೆಗೆ ತಲುಪುವುದೇ ಇಲ್ಲ. ಆಗ ಜಿಎಪಿಡಿಎಚ್‌ನ 3 ಪ್ರೈಮ್ ಪ್ರೋಬ್ ಹೊಳೆಯುತ್ತದೆ, 5 ಪ್ರೈಮ್ ಪ್ರೋಬ್ ಕಪ್ಪಾಗಿರುತ್ತದೆ. ಈ ಅನುಪಾತ 3 ದಾಟಿದರೆ ಎಚ್ಚರ. ಹೊಲದಲ್ಲಿ ಕಿತ್ತ ಎಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಸ್ಸಿನಲ್ಲಿ ತಂದರೆ ಇದು ಖಂಡಿತ. ಕಿತ್ತ ಕೂಡಲೇ ದ್ರವ ಸಾರಜನಕಕ್ಕೆ ಹಾಕಿ, ಇಲ್ಲವೇ ಆರ್‌ಎನ್‌ಎ ಕಾಪಾಡುವ ದ್ರಾವಣದಲ್ಲಿ ಅರ್ಧ ಸೆಂಟಿಮೀಟರ್‌ಗಿಂತ ತೆಳುವಾಗಿ ಕತ್ತರಿಸಿ ಮುಳುಗಿಸಿ. ದಪ್ಪ ತುಂಡಿನ ಒಳಗೆ ದ್ರಾವಣ ಹೋಗುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ.

ಲಕ್ಷಣ: ಹಿನ್ನೆಲೆಯೆಲ್ಲ ಹೊಳೆಯುತ್ತಿದೆ, ಮೋಡ ಕವಿದಂತಿದೆ

ಮೋಡದ ಆಕಾರ ನೋಡಿ. ಪಟ್ಟೆ ಪಟ್ಟೆಯಾಗಿ, ಹನಿ ಜಾರಿದ ದಾರಿಯಲ್ಲಿದ್ದರೆ ಒಣಗಿಸುವಾಗ ಆದದ್ದು. ಬಫರ್‌ನಿಂದ ಸ್ಲೈಡನ್ನು ಐದರಿಂದ ಹತ್ತು ಸೆಕೆಂಡ್ ತೆಗೆದುಕೊಂಡು ನಿಧಾನ ಎತ್ತಬೇಕು. ನಿಧಾನ ಎತ್ತಿದರೆ ನೀರು ತಾನಾಗಿ ಹಿಂದೆ ಸರಿಯುತ್ತದೆ, ಗಾಜು ಒಣಗಿಯೇ ಮೇಲೆ ಬರುತ್ತದೆ. ಗಡಿಬಿಡಿಯಲ್ಲಿ ಎಳೆದರೆ ಹನಿ ಉಳಿದು, ಒಣಗಿ, ಉಪ್ಪಿನ ಕಲೆ ಬಿಡುತ್ತದೆ. ಗ್ಯಾಸ್ಕೆಟ್ ಸ್ಲೈಡ್ (ದ್ರವ ಹಿಡಿದಿಡಲು ಚಿಪ್‌ಗೆ ಮುಚ್ಚುವ, ರಬ್ಬರಿನಂಥ ಅಂಚಿರುವ ಗಾಜು) ಬಿಡಿಸುವಾಗಲೂ ಎರಡನ್ನೂ ಬಫರ್ ಒಳಗೆ ಮುಳುಗಿಸಿಕೊಂಡೇ ಚಿಮಟದ ತುದಿ ತೂರಿಸಿ ಬಿಡಿಸಿ. ಗಾಳಿ ಸೋಕಿದ ಜಾಗದಲ್ಲಿ ಬಣ್ಣದ ಸಿಆರ್‌ಎನ್‌ಎ ಒಣಗಿ ಕೂತುಬಿಟ್ಟರೆ ಯಾವ ವಾಶ್‌ಗೂ ಹೋಗುವುದಿಲ್ಲ.

ಸಣ್ಣ ಸಣ್ಣ ಹೊಳೆಯುವ ಚುಕ್ಕಿ ಎರಚಿದಂತಿದ್ದರೆ ಧೂಳು ಅಥವಾ ನೀರು. ಚಿತ್ರದುರ್ಗ ಜಿಲ್ಲೆಯಲ್ಲಿ ಬೋರ್‌ವೆಲ್ ನೀರು ಬಹಳ ಕಡೆ ಗಡಸು, ಫ್ಲೋರೈಡ್ ಕೂಡ ಇದೆ. ಕುಡಿಯುವ ಕ್ಯಾನ್ ನೀರಿನಲ್ಲಿ ವಾಶ್ ಬಫರ್ ಮಾಡುವ ಉಳಿತಾಯ ಬೇಡ. ಬಫರ್ ಅನ್ನು 0.2 ಮೈಕ್ರಾನ್ ಫಿಲ್ಟರ್‌ನಲ್ಲಿ ಹಾಯಿಸಿ.

ಎಲ್ಲ ಕಡೆ ಸಮನಾದ ಮಂಜು ಇದ್ದರೆ ಬೇರೆ ಮಾತು. ಬ್ಲಾಕಿಂಗ್ (ಗಾಜಿನ ಖಾಲಿ ಜಾಗ ಮುಚ್ಚುವುದು) ಸಾಲದೆ ಸಿಆರ್‌ಎನ್‌ಎ ಗಾಜಿಗೇ ಅಂಟಿರಬಹುದು, ಹೆರಿಂಗ್ ಅಥವಾ ಸಾಲ್ಮನ್ ಮೀನಿನ ಡಿಎನ್‌ಎ, ಬಿಎಸ್‌ಎ ಎಂಬ ಪ್ರೋಟೀನ್ ಹಾಕುವುದನ್ನು ಮರೆತಿರಬಹುದು. ಮನುಷ್ಯರ ಮಾದರಿಯಾದರೆ ಪುನರಾವರ್ತಿತ ಅನುಕ್ರಮಗಳನ್ನು ಮುಚ್ಚುವ ಕಾಟ್-1 ಡಿಎನ್‌ಎ ನೋಡಿ. ಎರಡನೇ ವಾಶ್ ತಣ್ಣಗಿತ್ತೇ ಎಂದೂ ಕೇಳಿ. ಅಜಿಲೆಂಟ್‌ನ ಎರಡನೇ ಬಫರ್ 37 ಡಿಗ್ರಿಗೆ ಮೊದಲೇ ಬಿಸಿಯಾಗಿರಬೇಕು. ಬಾಟಲಿ ಬಿಸಿಯಾಗಿದ್ದು, ಸುರಿದ ಪಾತ್ರೆ ತಣ್ಣಗಿದ್ದರೂ ಸಾಕು, ನಾಲ್ಕೈದು ಡಿಗ್ರಿ ಅಲ್ಲೇ ಹೋಗುತ್ತದೆ. ಹಿಂದಿನ ರಾತ್ರಿಯೇ ಪಾತ್ರೆಯನ್ನೂ ಒವನ್‌ನಲ್ಲಿಡಿ.

ಲಕ್ಷಣ: ದುಂಡನೆಯ ಕಪ್ಪು ಕಲೆ, ಅಥವಾ ಒಂದು ಬದಿ ಬೆಳಕು ಒಂದು ಬದಿ ಕತ್ತಲೆ

ದುಂಡು ಕಲೆ ಎಂದರೆ ಗಾಳಿಗುಳ್ಳೆ ಅಲ್ಲೇ ನಿಂತಿತ್ತು ಎಂದರ್ಥ. ಗ್ಯಾಸ್ಕೆಟ್ ಪದ್ಧತಿಯಲ್ಲಿ ಗುಳ್ಳೆ ಬೇಕು, ಅದು ಓಡಾಡಿಯೇ ದ್ರವವನ್ನು ಕಲಕುವುದು. ನಿಂತ ಗುಳ್ಳೆ ಮಾತ್ರ ಬೇಡ. ಚೇಂಬರ್ ಬಿಗಿ ಮಾಡಿದ ಮೇಲೆ ಅದನ್ನು ನೆಟ್ಟಗೆ ಹಿಡಿದು, ಬೆಳಕಿಗೆ ಅಡ್ಡ ಇಟ್ಟು, ನಿಧಾನ ಒಂದು ಸುತ್ತು ತಿರುಗಿಸಿ. ದೊಡ್ಡ ಗುಳ್ಳೆ ಯಾವಾಗಲೂ ಮೇಲಂಚಿಗೆ ಸರಾಗ ಏರಬೇಕು. ಮೂಲೆಯಲ್ಲಿ ಅಂಟಿಕೊಂಡ ಚಿಕ್ಕ ಗುಳ್ಳೆ ಕಂಡರೆ ಚೇಂಬರ್ ಅಂಚನ್ನು ಮೇಜಿಗೆ ಮೆಲ್ಲಗೆ ತಟ್ಟಿ, ಅದು ಬಿಟ್ಟು ದೊಡ್ಡದರ ಜೊತೆ ಸೇರುವವರೆಗೂ ಬಿಡಬೇಡಿ. ಒವನ್‌ಗೆ ಹಾಕುವ ಮುಂಚಿನ ಈ ಅರ್ಧ ನಿಮಿಷ 17 ಗಂಟೆಯ ಕೆಲಸ ಉಳಿಸುತ್ತದೆ.

ಒಂದು ಬದಿ ಮಾತ್ರ ಹೊಳೆದರೆ ಒವನ್‌ನ ರೋಟರ್ ತಿರುಗಿಲ್ಲ, ಇಲ್ಲವೇ ದ್ರವ ಸೋರಿದೆ. ಕಲಕದೆ ಬಿಟ್ಟರೆ ಸಿಆರ್‌ಎನ್‌ಎ ತನ್ನಷ್ಟಕ್ಕೆ ಬಹಳ ದೂರ ಹೋಗುವುದಿಲ್ಲ. ಅಪರೂಪದ ಎಳೆಗಳು ತಮ್ಮ ಪ್ರೋಬ್ ಇರುವ ಕಡೆ ಮುಟ್ಟುವುದೇ ಇಲ್ಲ. ಚೇಂಬರ್ ಬಿಡಿಸುವಾಗ ದ್ರವ ಎಷ್ಟು ಉಳಿದಿತ್ತು ಎಂದು ಬರೆದಿದ್ದಾರೆಯೇ ನೋಡಿ. ಸೋರಿದ ಚಿಪ್‌ನಲ್ಲಿ ಉಪ್ಪು ಗಟ್ಟಿಯಾಗಿರುತ್ತದೆ, ಸರಿಯಿಲ್ಲದ ಜೋಡಿಗಳೂ ನಿಂತಿರುತ್ತವೆ. ಅದನ್ನು ಸಾಫ್ಟ್‌ವೇರ್‌ನಿಂದ ಸರಿಮಾಡಲು ಹೋಗಬೇಡಿ.

ಲಕ್ಷಣ: ರಾತ್ರಿ ಕರೆಂಟ್ ಹೋಗಿತ್ತು

ಒವನ್ ತೆರೆಯಬೇಡಿ, ಅಷ್ಟು ಮಾಡಿದರೆ ಅರ್ಧ ಗೆದ್ದಂತೆ. ಮುಚ್ಚಿದ ಒವನ್ ಸ್ವಲ್ಪ ಹೊತ್ತು ಶಾಖ ಹಿಡಿದಿಡುತ್ತದೆ. ತಣ್ಣಗಾದಾಗ ಕೂತ ತಪ್ಪು ಜೋಡಿಗಳು ಮತ್ತೆ 65 ಡಿಗ್ರಿಗೆ ಏರಿದಾಗ ಬಹುಪಾಲು ಬಿಟ್ಟುಕೊಳ್ಳುತ್ತವೆ. ಕರೆಂಟ್ ಎಷ್ಟು ಹೊತ್ತು ಹೋಗಿತ್ತು ಎಂದು ಬರೆದು, ಆ ಬ್ಯಾಚ್‌ನ ಎಲ್ಲ ಚಿಪ್‌ಗೂ ಅದೇ ಗುರುತು ಹಾಕಿ. ಒಂದು ಚಿಪ್‌ಗೆ ಮಾತ್ರ ಹೆಚ್ಚು ಸಮಯ ಕೊಡುವುದು ಬೇಡ. ಮುಂದಿನ ಸಲಕ್ಕೆ ಒವನ್ ಅನ್ನು ಯುಪಿಎಸ್‌ಗೆ ಹಾಕಿ, ಒಳಗೊಂದು ಟೆಂಪರೇಚರ್ ಲಾಗರ್ ಇಡಿ.

ಲಕ್ಷಣ: ಹಸಿರು ಸರಿಯಿದೆ, ಕೆಂಪು ಸೋರಿಹೋಗಿದೆ

ಎರಡು ಬಣ್ಣದ ಚಿಪ್‌ನಲ್ಲಿ ಸೈ5 ಮಾತ್ರ ಬಿದ್ದರೆ ಓಜೋನ್ ನೋಡಿ. ಗಾಳಿಯಲ್ಲಿ ಶತಕೋಟಿಗೆ 5ರಿಂದ 10 ಭಾಗ ಓಜೋನ್ ಇದ್ದರೂ ಒಣಗಿದ ಸ್ಲೈಡ್ ಮೇಲಿನ ಸೈ5 ಕೆಡುತ್ತದೆ. ಸೈ3 ಅಷ್ಟು ನಾಜೂಕಲ್ಲ. ಬಿಸಿಲು ಖಾರವಾದ ಮಧ್ಯಾಹ್ನ, ವಾಹನದ ಹೊಗೆ ಇರುವ ರಸ್ತೆಬದಿಯ ಕಟ್ಟಡ, ಪಕ್ಕದಲ್ಲೇ ಜೆರಾಕ್ಸ್ ಯಂತ್ರ, ಇವೆಲ್ಲ ಗುಮಾನಿಗೆ ಅರ್ಹ. ಪರೀಕ್ಷೆ ಸುಲಭ: ಅದೇ ಸ್ಲೈಡನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ. ಹಸಿರು ನಿಂತಲ್ಲೇ ನಿಂತು ಕೆಂಪು ಇಳಿಯುತ್ತಿದ್ದರೆ ಖಾತ್ರಿಯಾಯಿತು. ಬೆಳಗ್ಗೆ ಬೇಗ ವಾಶ್ ಮಾಡಿ ಕೂಡಲೇ ಸ್ಕ್ಯಾನ್ ಮಾಡಿ. ಬಣ್ಣ ಅದಲುಬದಲು ಮಾಡಿದ ಜೋಡಿ ಚಿಪ್ ಇದ್ದರೆ ಇದು ಜೀನಿನ ಏರಿಳಿತವೋ ಬಣ್ಣದ್ದೋ ಎಂದು ಅದೇ ಹೇಳುತ್ತದೆ.

ಲಕ್ಷಣ: ಕೆಲವು ಚುಕ್ಕೆ ಬೆಳ್ಳಗೆ ಉರಿಯುತ್ತಿವೆ

16 ಬಿಟ್ ಸ್ಕ್ಯಾನರ್‌ನಲ್ಲಿ 65535ರ ಮೇಲೆ ಅಂಕಿಯೇ ಇಲ್ಲ. ಎಲೆಯಲ್ಲಿ ರುಬಿಸ್ಕೋ, ರೇಷ್ಮೆ ಗ್ರಂಥಿಯಲ್ಲಿ ಫೈಬ್ರೋಯಿನ್‌ನಂಥ ಹೇರಳ ಪ್ರೋಟೀನ್‌ಗಳ ಜೀನ್‌ಗಳು ಈ ಗೋಡೆಗೆ ಗುದ್ದುತ್ತವೆ. ಪಿಎಂಟಿ ಇಳಿಸಿ ಇನ್ನೊಮ್ಮೆ ಸ್ಕ್ಯಾನ್ ಮಾಡಿ. ಆಗಲೂ ಎರಡು ಮಾದರಿಯ ನಡುವೆ ವ್ಯತ್ಯಾಸ ಕಾಣದಿದ್ದರೆ ಪ್ರೋಬ್‌ಗಳೇ ಭರ್ತಿಯಾಗಿವೆ. ಕೂರಲು ಜಾಗವಿಲ್ಲದ ಮೇಲೆ ಎಷ್ಟು ಸಿಆರ್‌ಎನ್‌ಎ ಬಂದರೂ ಬೆಳಕು ಹೆಚ್ಚುವುದಿಲ್ಲ. ಆ ಜೀನ್ ಬೇಕೇ ಬೇಕೆಂದರೆ ಒಂದೊಂದೇ ಜೀನ್ ಅಳೆಯುವ ಕ್ಯುಪಿಸಿಆರ್ ವಿಧಾನದಲ್ಲಿ ಅಳೆಯಿರಿ.

ಲಕ್ಷಣ: ಒಂದೇ ಜೀನಿನ ಪ್ರೋಬ್‌ಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ

ಇದು ಹಲವು ಸಲ ದೋಷವೇ ಅಲ್ಲ. ಜಿ–ಸಿ ಹೆಚ್ಚಿರುವ ಪ್ರೋಬ್ ಬಿಗಿಯಾಗಿ ಹಿಡಿಯುತ್ತದೆ, ಎ–ಟಿ ಹೆಚ್ಚಿರುವುದು ಸಡಿಲ. ಹಾಗಾಗಿ ಒಂದೇ ಜೀನಿಗೆ 11 ಪ್ರೋಬ್ ಇದ್ದರೆ 11 ಬಗೆಯ ಹೊಳಪು ಬರುವುದು ಸಹಜ. ಒಂದು ಚಿಪ್‌ನೊಳಗೆ ಆ ಜೀನ್ ಈ ಜೀನ್‌ಗಿಂತ ಹೆಚ್ಚು ಎಂದು ಹೊಳಪಿನಿಂದ ಹೇಳಬಾರದು ಎನ್ನುವುದು ಇದಕ್ಕೇ. ಅದೇ ಪ್ರೋಬ್ ಅನ್ನು ಎರಡು ಚಿಪ್ ನಡುವೆ ಹೋಲಿಸಬೇಕು. ಪ್ರೋಬ್‌ನಲ್ಲಿ ಜಿ ಬೇಸ್ ನಾಲ್ಕು ಸಾಲಾಗಿ ಬಂದಿದ್ದರೆ ಅಕ್ಕಪಕ್ಕದ ಪ್ರೋಬ್‌ಗಳು ತಮ್ಮಲ್ಲೇ ಗಂಟು ಹಾಕಿಕೊಂಡು ಜೀನ್‌ಗೆ ಸಂಬಂಧವೇ ಇಲ್ಲದ ಸಿಗ್ನಲ್ ಕೊಡುತ್ತವೆ. ಅಂಥವನ್ನು ಲೆಕ್ಕದಿಂದ ಬಿಡಿ.

ಹಳೆಯ ಅಫಿಮೆಟ್ರಿಕ್ಸ್ ಚಿಪ್‌ಗಳಲ್ಲಿ ಪ್ರತಿ ಪ್ರೋಬ್ ಪಕ್ಕ, ನಡುವಿನ 13ನೇ ಬೇಸ್ ಬದಲಿಸಿದ ತಪ್ಪು ಪ್ರೋಬ್ ಒಂದಿರುತ್ತದೆ. ಬೇಡದ ಅಂಟನ್ನು ಅಳೆದು ಕಳೆಯಲೆಂದು ಅದನ್ನು ಇಟ್ಟಿದ್ದು. ಆದರೆ ಗಣನೀಯ ಸಂಖ್ಯೆಯ ಜೋಡಿಗಳಲ್ಲಿ ತಪ್ಪು ಪ್ರೋಬೇ ಹೆಚ್ಚು ಹೊಳೆಯುತ್ತದೆ. ಚಿಪ್ ದತ್ತಾಂಶಕ್ಕೆಂದು 2003ರಲ್ಲಿ ಬಂದ ಆರ್‌ಎಂಎ ಎಂಬ ಲೆಕ್ಕದಲ್ಲಿ ಸರಿ ಪ್ರೋಬ್‌ಗಳನ್ನು ಮಾತ್ರ ಬಳಸುವುದಕ್ಕೆ ಕಾರಣ ಇದು.

ಒಂದೇ ಒಂದು ಪ್ರೋಬ್, ಒಂದು ತಳಿಯ ಎಲ್ಲ ಚಿಪ್‌ಗಳಲ್ಲೂ ಸತತವಾಗಿ ಬಿದ್ದಿದ್ದರೆ ನಿಮ್ಮ ತಳಿಯ ಅನುಕ್ರಮ ಅಲ್ಲಿ ಬೇರೆ ಇದೆ. ಚಿಪ್ ಮಾಡಿದ್ದು ಇನ್ಯಾವುದೋ ತಳಿ ನೋಡಿಕೊಂಡು. 25 ಬೇಸ್‌ನಲ್ಲಿ ನಡುಮಧ್ಯ ಒಂದು ಅಕ್ಷರ ತಪ್ಪಿದರೆ ಸಿಗ್ನಲ್ ಗಣನೀಯವಾಗಿ ಇಳಿಯುತ್ತದೆ, ತುದಿಯಲ್ಲಿ ತಪ್ಪಿದರೆ ಅಷ್ಟಾಗಿ ಅಲ್ಲ. 60 ಬೇಸ್‌ನ ಪ್ರೋಬ್ ಒಂದೆರಡು ತಪ್ಪನ್ನು ನುಂಗಿಕೊಳ್ಳುತ್ತದೆ. ಸ್ಥಳೀಯ ತಳಿಗಳ ಮೇಲೆ ಕೆಲಸ ಮಾಡುವವರು ಜೀನ್ ತಗ್ಗಿದೆ ಎಂದು ಬರೆಯುವ ಮೊದಲು ಇದನ್ನು ನೋಡಲೇಬೇಕು.

ಕೈ, ಕಣ್ಣು, ಉಸಿರು

ಟ್ರೈಜಾಲ್‌ನಂಥ ದ್ರಾವಣದಲ್ಲಿ ಫೀನಾಲ್ ಮತ್ತು ಗ್ವಾನಿಡಿನ್ ಥಯೋಸಯನೇಟ್ ಎರಡೂ ಇವೆ. ಅದು ಚೆಲ್ಲಿದ ಜಾಗಕ್ಕೆ ಬ್ಲೀಚ್ ಹಾಕಲೇಬೇಡಿ, ಸಯನೈಡ್ ಸೇರಿದ ವಿಷಾನಿಲ ಬರುತ್ತದೆ. ಮೈಮೇಲೆ ಬಿದ್ದರೆ ಬಟ್ಟೆ ಕಳಚಿ, ಹೇರಳ ನೀರು ಹರಿಸುತ್ತಾ ಆಸ್ಪತ್ರೆಗೆ ಹೊರಡಿ. ಫೀನಾಲ್ ಚರ್ಮವನ್ನು ಮರಗಟ್ಟಿಸುತ್ತದೆ, ನೋವಿಲ್ಲ ಎಂದು ಸುಮ್ಮನಿರಬೇಡಿ. ಕ್ಲೋರೋಫಾರ್ಮ್, ಡಿಇಪಿಸಿ, ಅಸಿಟೋನೈಟ್ರೈಲ್ ಇವುಗಳ ಕೆಲಸ ಫ್ಯೂಮ್‌ಹುಡ್ ಒಳಗೇ ಆಗಬೇಕು. ಅಸಿಟೋನೈಟ್ರೈಲ್ ಬೇಗ ಬೆಂಕಿ ಹಿಡಿಯುತ್ತದೆ, ಒವನ್ ಪಕ್ಕ ಬೇಡ. ಫಾರ್ಮಮೈಡ್ ಗರ್ಭದ ಮಗುವಿಗೆ ಹಾನಿ ಮಾಡುವಂಥದ್ದು, ಗರ್ಭಿಣಿಯರು ಅದನ್ನು ಮುಟ್ಟುವ ಕೆಲಸ ಬೇರೆಯವರಿಗೆ ಕೊಡಲಿ.

ಹೊಲದಿಂದ ಮಾದರಿ ತರುವಾಗಿನ ಅಪಾಯವನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಂದು ಲೀಟರ್ ದ್ರವ ಸಾರಜನಕ ಸುಮಾರು 700 ಲೀಟರ್ ಅನಿಲವಾಗುತ್ತದೆ. ಡ್ರೈ ಐಸ್ ಕರಗದೆ ನೇರವಾಗಿ ಕಾರ್ಬನ್ ಡೈಆಕ್ಸೈಡ್ ಅನಿಲವಾಗುತ್ತದೆ. ಚಳ್ಳಕೆರೆಯಿಂದ ದಾವಣಗೆರೆಗೆ ಕಿಟಕಿ ಏರಿಸಿ, ಎಸಿ ಹಾಕಿದ ಕಾರಿನಲ್ಲಿ ಇವನ್ನು ಒಯ್ಯುವುದು ಜೀವಕ್ಕೆ ಅಪಾಯ. ಕಿಟಕಿ ತೆರೆದಿರಲಿ. ಡಬ್ಬದ ಮುಚ್ಚಳ ಬಿಗಿ ಮಾಡಬೇಡಿ, ಸಿಡಿಯುತ್ತದೆ.

ಸ್ಕ್ಯಾನರ್ ಒಳಗೆ ಲೇಸರ್ ಇದೆ. ಮುಚ್ಚಳದ ಸ್ವಿಚ್ ತಪ್ಪಿಸಿ ಒಳಗೆ ನೋಡುವ ಸಾಹಸ ಬೇಡ, ಅದು ಕಂಪನಿ ಎಂಜಿನಿಯರ್ ಕೆಲಸ.

ಎಲ್ಲಿ ನಿಲ್ಲಿಸಿ ಯಾರನ್ನು ಕೇಳಬೇಕು

ಬಿ2 ಅಥವಾ ಅಂಚಿನ ಗುರುತು ಬೇರೆ ಬೇರೆಯವರ ಚಿಪ್‌ಗಳಲ್ಲೂ ಮಂಕಾಗಿದ್ದರೆ ಯಂತ್ರ ನೋಡಿಸಿ, ಹೊಸ ಚಿಪ್‌ನ ಪೊಟ್ಟಣ ಒಡೆಯಬೇಡಿ. ಒಂದೇ ಲಾಟ್‌ನ ಎಲ್ಲ ಚಿಪ್‌ನಲ್ಲೂ ಒಂದೇ ಜಾಗದಲ್ಲಿ ಒಂದೇ ಆಕಾರದ ಕಲೆ ಇದ್ದರೆ ಲಾಟ್ ಸಂಖ್ಯೆ ಸಮೇತ ತಯಾರಕರಿಗೆ ಬರೆಯಿರಿ. ಉಳಿದ ಆರ್‌ಎನ್‌ಎ ಒಂದೇ ಒಂದು ಸಲಕ್ಕೆ ಆಗುವಷ್ಟಿದ್ದರೆ, ಕಾರಣ ಗೊತ್ತಾಗುವವರೆಗೂ ಅದನ್ನು ಮುಟ್ಟಬೇಡಿ.

ನೀರು ಕೊಟ್ಟ ಗಿಡಗಳ ಚಿಪ್ ಎಲ್ಲ ಒಂದು ದಿನ, ಬರದ ಗಿಡಗಳದ್ದೆಲ್ಲ ಇನ್ನೊಂದು ದಿನ ಓಡಿಸಿದ್ದರೆ ಯಾವ ಸಂಖ್ಯಾಶಾಸ್ತ್ರಜ್ಞರೂ ಅದನ್ನು ಉಳಿಸಲಾರರು. ದಿನದ ವ್ಯತ್ಯಾಸವೂ ಬರದ ವ್ಯತ್ಯಾಸವೂ ಒಂದರೊಳಗೊಂದು ಬೆರೆತುಹೋಗಿವೆ. ಇದಕ್ಕೆ ರಿಪೇರಿ ಇಲ್ಲ, ಮತ್ತೆ ಮಾಡಬೇಕು. ಮೊದಲೇ ಪಟ್ಟಿ ಬರೆದು ಪ್ರತಿ ಬ್ಯಾಚ್‌ನಲ್ಲೂ ಎರಡೂ ಗುಂಪು ಬರುವಂತೆ ಕಳಿಸುವುದಕ್ಕೆ ಒಂದು ಹಾಳೆ, ಒಂದು ಪೆನ್ನು ಸಾಕು.

ಸೇವೆ ಕೊಟ್ಟವರಿಗೆ ಬರೆಯುವಾಗ 'ಸಿಗ್ನಲ್ ಸರಿಯಿಲ್ಲ' ಎಂದಷ್ಟೇ ಬರೆಯಬೇಡಿ. ಮೂಲ ಸ್ಕ್ಯಾನ್ ಚಿತ್ರ, ಲೇಬಲ್ ಆದ ಮೇಲಿನ ಇಳುವರಿ ಮತ್ತು ಬಣ್ಣದ ಅಂಕಿ, ತುಂಡರಿಸಿದ ನಂತರದ ಜೆಲ್, ಕಂಟ್ರೋಲ್ ಮೌಲ್ಯಗಳ ಪಟ್ಟಿ, ಹೈಬ್ರಿಡೈಸೇಷನ್ ಶುರುವಾದ ಮತ್ತು ಮುಗಿದ ಸಮಯ, ವಾಶ್ ಬಫರ್‌ನ ಶಾಖ, ಚಿಪ್‌ನ ಲಾಟ್ ಸಂಖ್ಯೆ, ಇವನ್ನು ಹೆಸರಿಟ್ಟು ಕೇಳಿ. ಹಣ ಕಟ್ಟುವ ಮೊದಲೇ, ಒಪ್ಪಂದದಲ್ಲೇ ಇವನ್ನು ಬರೆಸಿಕೊಂಡರೆ ಇನ್ನೂ ಒಳ್ಳೆಯದು. ಉತ್ತರ ಬರುವವರೆಗೆ ನಿಮ್ಮಲ್ಲಿ ಉಳಿದಿರುವ ಆರ್‌ಎನ್‌ಎಯನ್ನು ಚಿಕ್ಕ ಚಿಕ್ಕ ಪಾಲು ಮಾಡಿ ಮೈನಸ್ 80ರಲ್ಲಿಡಿ. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ, ಅವರು ಇನ್ನೊಂದು ಸಲ ಕಳಿಸಿ ಎನ್ನುವ ಹೊತ್ತಿಗೆ ಕಳಿಸಲು ಯೋಗ್ಯವಾದದ್ದು ಏನೂ ಇರುವುದಿಲ್ಲ.